ಕತ್ತರಿ ಬೇಡದ ಗಂಟು

ರಸ್ತೆಯಾಚೆ ಹೊಸ ಅಂಗಡಿ ಬಾಗಿಲು ತೆರೆದ ದಿನ ಈಚೆಯ ಹಾಸಿಗೆ ಅಂಗಡಿಗೆ ಬಂದ ಮೊದಲ ಗಿರಾಕಿ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿಕೊಂಡು ಬಂದಿದ್ದಳು. ಕಣ್ಣು ಕೆಂಪಗಿದ್ದರೂ ಮುಖ ಮಾತ್ರ ಲಾಟರಿ ಹೊಡೆದವರ ಮುಖದಂತಿತ್ತು. ಬಗಲಲ್ಲಿದ್ದ ಕಂಬಳಿಯ ಕಟ್ಟನ್ನು ಕೌಂಟರಿನ ಮೇಲೆ ಧೊಪ್ಪನೆ ಹಾಕಿ, "ಇದಕ್ಕೆ ಹೊಂದೋ ಹಾಗೆ ಎರಡು ದಿಂಬಿನ ಕವರ್ ತೆಗೆದಿಡಿ, ಸಂಜೆ ಬಂದು ತಗೋತೀನಿ," ಎಂದಳು. "ಅಲ್ಲಾ, ಅದೂ ನಿಮ್ಮದೇ ಅಂಗಡಿ ಅಂತ ಒಂದು ಮಾತು ಹೇಳ್ಬಾರ್ದಾ? ಅರ್ಧ ಬೆಲೆಗೆ ಕೊಟ್ಬಿಟ್ರು!"

"ಯಾವುದು ನಮ್ಮದು?" ಎಂದಳು ಸೊಸೆ.

"ಅದೇ ಹೊಸದು, 'ಕೊನೇ ಬೆಲೆ'. ಹೆಸರು ಬೇರೆ ಇಟ್ಕೊಂಡ್ರೆ ನಂಗೆ ಗೊತ್ತಾಗಲ್ವಾ? ಈ ಗಂಟು ನೋಡಿದ್ರೆ ಸಾಲದಾ!"

ಸೊಸೆ ಗಂಟು ನೋಡಿದಳು.

ಆ ಗಂಟಿಗೆ ಊರಿನಲ್ಲಿ ಇನ್ನೊಂದು ಮನೆಯಿರಲಿಲ್ಲ. ಅವಳ ಮಾವ ಪ್ರಾಯದಲ್ಲಿ ರೈಲ್ವೆ ಗೋದಾಮಿನಲ್ಲಿ ಮೂಟೆ ಕಟ್ಟುತ್ತ ತಾವೇ ಕಂಡುಕೊಂಡ ಗಂಟು ಅದು. ಹುರಿ ಅಡ್ಡಕ್ಕೊಂದು, ಉದ್ದಕ್ಕೊಂದು ಸುತ್ತು ಬಂದು ನಡುವೆ ಎರಡು ಪುಟ್ಟ ಕುಣಿಕೆಗಳಾಗಿ ಕೂರುತ್ತಿತ್ತು. ಎರಡು ತುದಿಗಳು ಆ ಕಡೆಗೊಂದು ಈ ಕಡೆಗೊಂದು ಸಮನಾಗಿ ಇಳಿಬೀಳುತ್ತಿದ್ದವು. ಕಟ್ಟನ್ನು ಮಹಡಿಯಿಂದ ಎಸೆದರೂ ಸಡಿಲವಾಗದು. ಸರಿಯಾದ ತುದಿ ಹಿಡಿದು ಒಮ್ಮೆ ಎಳೆದರೆ ಇಡೀ ಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ತಪ್ಪು ತುದಿ ಎಳೆದರೋ, ಮುಗಿಯಿತು, ಹಲ್ಲು ಹಾಕಿದರೂ ಬಗ್ಗದ ಕಗ್ಗಂಟು. "ನಮ್ಮ ಮಾಲು ಮನೆಗೆ ಹೋದ್ಮೇಲೆ ಕತ್ತರಿ ಬೇಡ" ಎನ್ನುವುದು ಮಾವನ ಹೆಮ್ಮೆ. ಅಂಗಡಿಯಲ್ಲೂ ಅವರು ಕತ್ತರಿ ಇಟ್ಟುಕೊಂಡವರಲ್ಲ. ಹುರಿಯನ್ನು ಸಹ ಅದೇ ಜಗಲಿಯ ಗುಂಡಿ ಅಕ್ಕನ ಅಂಗಡಿಯಿಂದ ಅಳತೆಗೆ ಕತ್ತರಿಸಿದ್ದನ್ನೇ ತರಿಸುತ್ತಿದ್ದರು.

ಆ ಗಂಟು ಹಾಕಲು ಬರುತ್ತಿದ್ದವರು ಮಾವ, ಅವರ ಮಗ, ಮತ್ತೆ ಈ ಸೊಸೆ, ಅಷ್ಟೇ. ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಎದುರಿಗೆ ಕೂರಿಸಿಕೊಂಡು ಕಲಿಸಿದ್ದರು. ಈಚೆಗೆ ಬೆರಳು ನಡುಗುತ್ತದೆಂದು ಅವರು ಅಂಗಡಿಯಲ್ಲಿದ್ದರೆ ಗಲ್ಲಾ ಪೆಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ಕಟ್ಟುವ ಕೆಲಸವೆಲ್ಲ ಗಂಡ ಹೆಂಡಿರದು.

"ಇನ್ನೂ ಇತ್ತಾ ಅಲ್ಲಿ, ಇಂಥವು?" ಸೊಸೆ ದನಿ ಸಹಜವಾಗಿರಲಿ ಎಂದು ಬಹಳ ಕಷ್ಟಪಟ್ಟಳು.

"ರಾಶಿ ಹಾಕಿದ್ದಾರೆ! ಹೋಗಿ ನೋಡಿ."

ಸೊಸೆ ಕೈಗೆ ಸಿಕ್ಕ ದೊಡ್ಡ ಚೀಲದೊಳಗೆ ಕಟ್ಟನ್ನು ತುರುಕಿ, ಬಾಯಿ ಮಡಿಸಿ, "ಧೂಳಾಗತ್ತೆ, ಹೀಗೇ ತಗೊಂಡು ಹೋಗಿ," ಎಂದು ನರ್ಸಮ್ಮನನ್ನು ಸಾಗಹಾಕಿದಳು. ಚೀಲಕ್ಕೆ ಕಾಸು ಕೇಳದೆ ಕೊಟ್ಟಿದ್ದು ಆ ಅಂಗಡಿಯ ಚರಿತ್ರೆಯಲ್ಲಿ ಅದೇ ಮೊದಲು. ನರ್ಸಮ್ಮ ಅದನ್ನೂ ತನ್ನ ಅದೃಷ್ಟದ ಲೆಕ್ಕಕ್ಕೆ ಸೇರಿಸಿಕೊಂಡು ಆಕಳಿಸುತ್ತ ಹೊರಟಳು.

ಒಂದು ಕಂಬಳಿ ಅಲ್ಲೆಲ್ಲೋ ಸಿಕ್ಕಿದ್ದಕ್ಕೆ ಇಷ್ಟೇಕೆ ಗಾಬರಿ ಎಂದು ಹೊರಗಿನವರು ಕೇಳಬಹುದು. ಸಾಲಂಗಡಿಯವರು ಕೇಳುವುದಿಲ್ಲ. ಒಂದೇ ಸೂರು, ಒಂದೇ ಜಗಲಿ, ಅದರ ಉದ್ದಕ್ಕೂ ಹತ್ತಾರು ಅಂಗಡಿಗಳು; ಇಡೀ ಕಟ್ಟಡವನ್ನು ಅಂಗಡಿಯವರ ಸಂಘವೇ ಒಟ್ಟಾಗಿ ಬಾಡಿಗೆಗೆ ಹಿಡಿದಿತ್ತು. ಸಂಘದ ಅಧ್ಯಕ್ಷರು ಅವಳ ಮಾವ. ರಸ್ತೆಯಾಚೆ ಪಾಳು ಬಿದ್ದಿದ್ದ ಟೈರು ಗೋದಾಮಿಗೆ ಹಳದಿ ಬಣ್ಣ ಬಳಿದು, ದಿವಾಳಿಯೆದ್ದ ಅಂಗಡಿಗಳ ಉಳಿಕೆ ಮಾಲನ್ನೆಲ್ಲ ರಾಶಿಗಟ್ಟಲೆ ಕೊಂಡು ಮಾರುವ ಅಂಗಡಿ ಬರುತ್ತದೆಂದು ಗೊತ್ತಾದ ದಿನವೇ ಮಾವ ಸಭೆ ಕರೆದಿದ್ದರು. ಸಾಲಿನವರು ಯಾರೂ ಅದಕ್ಕೆ ಒಂದು ಮೊಳೆಯನ್ನೂ ಮಾರಬಾರದು, ಅದರ ಹೊಸಿಲು ತುಳಿಯಬಾರದು. ತಪ್ಪಿದವರು ಅಂಗಡಿಯ ಬೀಗದ ಕೈಯನ್ನು ಸಂಘಕ್ಕೆ ಒಪ್ಪಿಸಿ ಹೋಗಬೇಕು. "ಇವತ್ತು ಹಳೇ ಮಾಲು ಅಂತ ಕೊಡ್ತೀರಿ. ನಾಳೆ ಅದೇ ಮಾಲು ನಿಮ್ಮ ಎದುರಿಗೆ ಕೂತು ನಿಮ್ಮ ಹೊಟ್ಟೆಗೆ ಹೊಡೆಯತ್ತೆ," ಎಂದಿದ್ದರು ಮಾವ. ಎಲ್ಲರೂ ಕೈಯೆತ್ತಿದ್ದರು.

ಮೊದಲು ಸಿಕ್ಕಿಬಿದ್ದವಳು ಗುಂಡಿ ಅಕ್ಕ. ಸಾಲಿನ ತುತ್ತತುದಿಯ ಕಿಂಡಿಯಂಥ ಅಂಗಡಿಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಒಂಟಿ ಹೆಂಗಸು. ಅಂಗಡಿಯ ಹಿಂದೆ ಪರದೆ ಇಳಿಬಿಟ್ಟು, ಅಲ್ಲೇ ಒಲೆ, ಅಲ್ಲೇ ಚಾಪೆ. ಯಾವ ಕಾಲದ್ದೋ ಬಣ್ಣ ಮಾಸಿದ ಗುಂಡಿಗಳನ್ನು ಡಬ್ಬಿಗಟ್ಟಲೆ ಅವರಿಗೆ ಮಾರಿದ್ದಳು, ಅದೂ ಹಾಡುಹಗಲಲ್ಲಿ, ವ್ಯಾನು ಅಂಗಡಿಯೆದುರೇ ನಿಲ್ಲಿಸಿಕೊಂಡು. ಕೇಳಿದ್ದಕ್ಕೆ, "ನಂದು, ಮಾರಿದೆ," ಎಂದಿದ್ದಳು. ಅವಳ ಬೀಗದ ಕೈ ಕಿತ್ತುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಇವತ್ತು ಮಧ್ಯಾಹ್ನ ಸಭೆ. ಬೇಡವೋ ಎನ್ನುವುದು ಬಾಯಿಮಾತಿಗೆ. ತೀರ್ಮಾನ ಆಗಲೇ ಆಗಿತ್ತು. ಸಭೆಯೂ ಈ ಹಾಸಿಗೆ ಅಂಗಡಿಯಲ್ಲೇ.

ಹೋದ ವಾರ ಗುಂಡಿ ಅಕ್ಕನ ಮೇಲೆ ದೂರು ಬಂದಾಗ ಮಾವ ಸುತ್ತ ಒಮ್ಮೆ ನೋಡಿದ್ದರು, ಅವಳನ್ನು ಕಳಿಸಬೇಕೆನ್ನುವವರ ಜೊತೆ ಸೊಸೆಯೂ ಕೈಯೆತ್ತಿದ್ದಳು. ಆ ಕೈ ಇನ್ನೂ ಭಾರವಾಗಿತ್ತು. ಅವಳು ಈ ಅಂಗಡಿಗೆ ಬಂದ ಹೊಸದರಲ್ಲಿ ಗಿರಾಕಿಗಳ ಚೌಕಾಸಿ ತಾಳಲಾರದೆ ಹಾಸಿಗೆಗಳ ಹಿಂದೆ ನಿಂತು ಅಳುತ್ತಿದ್ದಾಗ ಬಂದು ಕಣ್ಣೊರೆಸಿದವಳು ಗುಂಡಿ ಅಕ್ಕ. "ಅಳೋ ಮುಖ ಕಂಡ್ರೆ ಗಿರಾಕಿ ಇನ್ನೂ ಇಳಿಸ್ತಾನೆ ಕಣೇ. ನಗ್ತಾ 'ಆಗಲ್ಲ' ಅನ್ನೋದು ಕಲಿ," ಎಂದು ಕಲಿಸಿದವಳೂ ಅವಳೇ. ಕಲಿಸಿದವಳ ಮುಖ ನೋಡಿ 'ಆಗಲ್ಲ' ಎನ್ನಲು ಮಾತ್ರ ನಗು ಬೇಕಾಗಿರಲಿಲ್ಲ, ಸುಮ್ಮನೆ ಕೈಯೆತ್ತಿದರೆ ಸಾಕಾಗಿತ್ತು.

ಈಗ ನೋಡಿದರೆ ಅದೇ ತಪ್ಪು ತಮ್ಮ ಮನೆಯಲ್ಲೂ ಆಗಿತ್ತು! ಸೊಸೆ ಏಣಿ ಹಾಕಿ ಅಟ್ಟ ಹತ್ತಿದಳು. ಮುಂದಿನ ಸಾಲಿನ ಪೆಟ್ಟಿಗೆಗಳು ಇದ್ದ ಹಾಗೇ ಇದ್ದವು. ಕೈ ಚಾಚಿ ಒಂದನ್ನು ಸರಿಸಿದಳು. ಹಿಂದೆ ಬರೀ ಗೋಡೆ. ವರ್ಷಗಳಿಂದ ಮಾರಾಟವಾಗದೆ ಬಿದ್ದಿದ್ದ ಕಂಬಳಿಗಳ ಜಾಗದಲ್ಲಿ ಧೂಳಿನ ಚೌಕ ಮಾತ್ರ ಉಳಿದಿತ್ತು.

ಇದು ಗಂಡನದೇ ಕೆಲಸ. ಅನುಮಾನವೇ ಬೇಡ. ಆ ಹಳೇ ಕಂಬಳಿಗಳನ್ನು ಬಂದ ಬೆಲೆಗೆ ಕೊಟ್ಟುಬಿಡೋಣ ಎಂದು ಅವನು ಬೇಡಿಕೊಂಡದ್ದೆಷ್ಟು ಸಲ, "ನಾನು ಬದುಕಿರೋ ತನಕ ನನ್ನ ಮಾಲು ಕಸದ ಬೆಲೆಗೆ ಹೋಗಲ್ಲ" ಎಂದು ಮಾವ ಗುಡುಗಿದ್ದೆಷ್ಟು ಸಲ! ಇವತ್ತು ನೋಡಿದರೆ ಗಂಡ ಹೊಸ ಮಾಲು ತರಲು ಬೇರೆ ಊರಿಗೆ ಹೋಗಿ ಕೂತಿದ್ದ. ಬೇಕಂತಲೇ ಈ ದಿನ ಹೋದ ಭೂಪ, ಎಂದು ಸೊಸೆ ಹಲ್ಲು ಕಡಿದಳು.

"ಅಟ್ಟದ ಮೇಲೆ ಏನಮ್ಮಾ?"

ಕೆಳಗೆ ಮಾವ ನಿಂತಿದ್ದರು. ಸಭೆಗೆ ಎಲ್ಲರನ್ನೂ ಕರೆದು ಬಂದವರು, ಏಣಿಯ ಮೇಲೆ ಎಡಗೈ ಊರಿಕೊಂಡು ಮೇಲೆ ನೋಡುತ್ತಿದ್ದರು.

"ದಿಂಬಿನ ಕವರ್ ಮಾವ. ನರ್ಸಮ್ಮ ಕೇಳಿದ್ರು."

"ಕವರ್ ಕೆಳಗಿರತ್ತಲ್ಲ."

"ಹೌದಲ್ವಾ, ಮರೆತೇ ಹೋಗಿತ್ತು."

ಅವಳು ಇಳಿಯುವ ತನಕ ಮಾವ ಏಣಿ ಬಿಡಲಿಲ್ಲ. ಮಗನ ಈ ಕೆಲಸ ಗೊತ್ತಾದರೆ ಈ ಜೀವ ತಡೆಯುವುದಿಲ್ಲ, ಎಂದುಕೊಂಡಳು ಸೊಸೆ. ಊರಿಗೆಲ್ಲ ನೀತಿ ಹೇಳಿದ ಮನುಷ್ಯ ತಲೆಯೆತ್ತಿ ಜಗಲಿಯ ಮೇಲೆ ಓಡಾಡುವುದು ಹೇಗೆ? ಸಭೆಗೆ ಮುಂಚೆ ಆ ರಾಶಿಯಲ್ಲಿನ ಗಂಟುಗಳನ್ನೆಲ್ಲ ಬಿಚ್ಚಿಬಿಡಬೇಕು. ಕಂಬಳಿ ಯಾರದ್ದೂ ಆಗಿರಬಹುದು, ಗಂಟು ಹಾಗಲ್ಲ.

"ಹಾಲು ತರ್ತೀನಿ ಮಾವ, ಸಭೆಗೆ ಬಂದೋರಿಗೆ ಟೀ ಕೊಡ್ಬೇಕಲ್ಲ."

"ಬೇಗ ಬಾ. ಆ ಕಡೆ ಹೋಗ್ಬೇಡ. ನಮ್ಮ ಮನೆಯೋರ ಕಾಲು ಆ ಕಡೆ ತಿರುಗ್ಬಾರ್ದು."

ಅವಳು ಆ ಕಡೆಯೇ ಹೋದಳು.

ಕಷ್ಟವಿದ್ದದ್ದು ಡಂಗುರನದು. ಪಾತ್ರೆ ಅಂಗಡಿಯವನಿಗೆ ಸಾಲಿನವರು ಇಟ್ಟ ಹೆಸರು ಡಂಗುರ. ಅವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದ ಹಾಗೆ. ಹೊಸ ಅಂಗಡಿಗೆ ಸಾಲಿನವರು ಯಾರಾದರೂ ನುಗ್ಗುತ್ತಾರೋ ನೋಡು ಎಂದು ಸಂಘ ಅವನನ್ನು ಎದುರಿನ ದೀಪದ ಕಂಬದ ಬಳಿ ಕಾವಲಿಗೆ ನಿಲ್ಲಿಸಿತ್ತು. ಸೊಸೆ ಸೆರಗು ತಲೆಮೇಲೆ ಎಳೆದುಕೊಂಡು, ಒಂದು ಲಾರಿಯ ಮರೆಯಲ್ಲಿ ನಿಂತು ಇಣುಕಿದಳು. ಕಂಬದ ಬಳಿ ಯಾರೂ ಇರಲಿಲ್ಲ. ಅವನ ಕುರ್ಚಿ ಮಾತ್ರ ಇತ್ತು. ಟೀ ಕುಡಿಯಲು ಹೋಗಿರಬೇಕು, ಈಗಲೇ ಸಮಯ, ಎಂದು ಜನರ ನಡುವೆ ನುಸುಳಿದಳು.

ಬಾಗಿಲಲ್ಲಿ ಧ್ವನಿವರ್ಧಕ ಒಂದೇ ಸಮನೆ ಅರಚುತ್ತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊಸ ಬಣ್ಣದ ಕೆಳಗಿನಿಂದ ಟೈರಿನ ವಾಸನೆ ಇನ್ನೂ ಬರುತ್ತಿತ್ತು. ಮರದ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಎಲ್ಲೆಲ್ಲಿಯದೋ ಮಾಲು: ಜೋಡಿಯಿಲ್ಲದ ಚಪ್ಪಲಿಗಳು, ಹೋದ ವರ್ಷದ ಕ್ಯಾಲೆಂಡರುಗಳು, ಯಾವುದೋ ಮದುವೆ ನಿಂತುಹೋಗಿ ಉಳಿದಂತಿದ್ದ ಹೆಸರು ಕೆತ್ತಿದ ಲೋಟಗಳು. ಜನ ಅವನ್ನು ಎತ್ತಿ, ತಿರುಗಿಸಿ, ಬೇಡವೆಂದು ಎಸೆದು, ಪಕ್ಕದವರು ಎತ್ತಿಕೊಂಡ ಕೂಡಲೇ ಬೇಕೆಂದು ಕಿತ್ತುಕೊಳ್ಳುತ್ತಿದ್ದರು. ಪ್ರತಿ ತೊಟ್ಟಿಯಲ್ಲೂ ಯಾರದೋ ಮುಚ್ಚಿದ ಅಂಗಡಿ ಬಿದ್ದಿದೆ ಎನ್ನಿಸಿತು ಸೊಸೆಗೆ.

ಕಂಬಳಿಗಳು ಹಿಂದಿನ ಗೋಡೆಯ ಬಳಿ ಇದ್ದವು. ಒಂದೊಂದರ ಮೇಲೂ ಹಳದಿ ಚೀಟಿ, ಒಂದೊಂದರ ಮೇಲೂ ಆ ಗಂಟು. ತಮ್ಮ ಅಂಗಡಿಯ ಹೆಸರಿನ ಪಟ್ಟಿಗಳನ್ನು ಯಾರೋ ನಿಗಾ ಇಟ್ಟು ಕಿತ್ತಿದ್ದರು. ಹೆಸರು ಕೀಳಲು ಹುರಿ ಬಿಚ್ಚಿದ ಕೈ, ಕಿತ್ತಾದ ಮೇಲೆ ಅಭ್ಯಾಸಬಲದಿಂದ ಮತ್ತೆ ಅದೇ ಗಂಟು ಹಾಕಿತ್ತು. ಮನೆಗೆ ಕನ್ನ ಹಾಕಿದವನು ಹೆಜ್ಜೆ ಗುರುತು ಅಳಿಸಿ ಚಪ್ಪಲಿಯನ್ನು ಅಲ್ಲೇ ಬಿಟ್ಟು ಹೋದ ಹಾಗೆ. ದಡ್ಡ ನನ್ನ ಗಂಡ, ಕಳ್ಳತನವೂ ನೆಟ್ಟಗೆ ಬರಲ್ಲ, ಎಂದು ಬೈದುಕೊಂಡು ಅವಳು ಮೊದಲ ಕಟ್ಟಿನ ಬಲ ತುದಿ ಹಿಡಿದು ಎಳೆದಳು.

ಗಂಟು ಬಿಚ್ಚಲಿಲ್ಲ. ಕಿರ್ರೆಂದು ಬಿಗಿಯಿತು.

ಗಾಬರಿಯಲ್ಲಿ ಕೈ ತಪ್ಪಿರಬೇಕು ಎಂದು ಮತ್ತೂ ಜೋರಾಗಿ ಜಗ್ಗಿದಳು. ಹುರಿ ಬಾದಾಮಿಯಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತು. ಬಲ ತುದಿಯೇ ಸರಿ. ಅವಳ ಕೈ ದಿನಕ್ಕೆಷ್ಟು ಸಲ ಈ ಗಂಟು ಹಾಕುತ್ತಿತ್ತು! ಅವಳು ಹಾಕಿದ್ದಾದರೂ, ಗಂಡ ಹಾಕಿದ್ದಾದರೂ, ಬಲ ತುದಿ ಎಳೆದರೆ ಬಿಚ್ಚಲೇಬೇಕು.

ಇನ್ನೊಂದು ಕಟ್ಟು ತೆಗೆದುಕೊಂಡಳು. ಈ ಸಲ, ಏಕೆಂದು ತನಗೇ ಹೇಳಿಕೊಳ್ಳದೆ, ಎಡ ತುದಿ ಎಳೆದಳು. ಬೆಣ್ಣೆಯಂತೆ ಬಿಚ್ಚಿಕೊಂಡಿತು.

ಸೊಸೆ ಆ ಹುರಿ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಎದುರಿಗೆ ಕೂತು ಕಲಿಸಿದ ಮಾವ ನೆನಪಾದರು. ಅವರು ಎಡಚರು. ಅವರ ಎಡಗೈ ಮಾಡಿದ್ದನ್ನು ತನ್ನ ಬಲಗೈ ಕನ್ನಡಿ ನೋಡಿದಂತೆ ಕಲಿತಿತ್ತು. ಎಡ ತುದಿಗೆ ಬಿಚ್ಚುವ ಗಂಟು ಹಾಕುವವರು ಅವರೊಬ್ಬರೇ. ಈಚೆಗೆ ತನ್ನ ತಾಯಿಯ ಕಣ್ಣಿನ ಆಪರೇಷನ್ ಎಂದು ಗಂಡ ಹೆಂಡತಿ ಇಬ್ಬರೂ ತವರಿಗೆ ಹೋಗಿದ್ದರಲ್ಲ, ಆಗ ಅಂಗಡಿಯಲ್ಲಿ ಇದ್ದವರು ಇವರೊಬ್ಬರೇ. ಗಂಡನನ್ನು ಅಷ್ಟೊಂದು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಗುಂಡಿ ಅಕ್ಕನ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಮಾವ. ಯಾಕೆ ಅಷ್ಟು ಜೋರು ಎಂದು ಈಗ ಅರ್ಥವಾಯಿತು.

ಗಂಡನಿಗಾದರೆ ಬೈದು ಬಿಡಬಹುದಿತ್ತು. ಮಾವನನ್ನು ಏನು ಮಾಡುವುದು? ಅವಳ ಕೈಗಳು ತಾವಾಗಿ ಕೆಲಸಕ್ಕಿಳಿದವು. ಎಡ ತುದಿ, ಎಳೆ. ಎಡ ತುದಿ, ಎಳೆ. ಕಂಬಳಿಗಳು ಒಂದೊಂದಾಗಿ ಬಾಯಿ ಬಿಟ್ಟುಕೊಂಡು ಬಿದ್ದವು. ಹುರಿಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನ್ರೀ ಅದು? ಬಿಚ್ಚಬಾರ್ದು! ತಗೊಳ್ಳೋದಾದ್ರೆ ತಗೊಳ್ಳಿ," ಎಂದು ಹಳದಿ ಅಂಗಿಯ ಮಾರಾಟದ ಹುಡುಗಿ ಕೂಗಿದಳು.

"ತೂತು ಇದೆಯಾ ನೋಡ್ತಿದ್ದೀನಿ," ಎಂದಳು ಸೊಸೆ. ಎದ್ದು ತಿರುಗಿದರೆ ಎದುರಿಗೆ ಡಂಗುರ.

ಅವನು ಕಾವಲು ಕಾಯುತ್ತಿರಲಿಲ್ಲ. ಗಲ್ಲದ ತನಕ ಸ್ಟೀಲು ಊಟದ ಡಬ್ಬಿಗಳನ್ನು ಪೇರಿಸಿಕೊಂಡು, ಮೇಲಿನದ್ದು ಬೀಳದಂತೆ ಗಲ್ಲದಿಂದಲೇ ಒತ್ತಿ ಹಿಡಿದುಕೊಂಡು ನಿಂತಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟು ಹೊತ್ತು ನೋಡಿಕೊಂಡರೆಂದರೆ, ನಡುವೆ ಯಾರೋ ನುಗ್ಗಿ ಹೋದರೂ ಕಣ್ಣು ಕದಲಲಿಲ್ಲ.

"ತಂಗೀ," ಎಂದ ಕೊನೆಗೆ. ಜೀವನದಲ್ಲಿ ಮೊದಲ ಬಾರಿಗೆ ಅವನ ದನಿ ಪಿಸುಮಾತಿಗೆ ಇಳಿದಿತ್ತು. "ನಾನು ತರಿಸೋ ಬೆಲೆಗಿಂತ ಕಡಿಮೆಗೆ ಮಾರ್ತಿದ್ದಾನೆ ಕಣಮ್ಮ ಪಾಪಿ. ನನ್ನ ಅಂಗಡೀಲೇ ಇಟ್ಟು ಮಾರ್ಕೊಂಡ್ರೆ ಎರಡು ಕಾಸು ಉಳಿಯತ್ತೆ." ಆಮೇಲೆ ಅವಳ ಕಾಲ ಬಳಿಯ ಕಂಬಳಿಗಳನ್ನು ಕಂಡ. ಉಳಿದಿದ್ದ ಬಿಗಿದ ಗಂಟನ್ನೂ ಕಂಡ. ಅವನ ಹುಬ್ಬು ಮೇಲೇರಿತು, ಹಾಗೇ ಇಳಿಯಿತು. "ನಾನು ನಿನ್ನ ನೋಡಿಲ್ಲ. ನೀನೂ ನನ್ನ ನೋಡಿಲ್ಲ. ಸರೀನಾ?"

"ಸರಿ ಅಣ್ಣ."

"ಆ ಗುಂಡಿ ಅಕ್ಕಂದು ಇವತ್ತು ಮುಗಿಯತ್ತೆ. ಆಮೇಲೆ ಎಲ್ಲ ತಣ್ಣಗಾಗತ್ತೆ ಬಿಡು," ಎಂದು ಸಮಾಧಾನ ಹೇಳಿ ಅವನು ಡಬ್ಬಿಗಳ ಸಮೇತ ಜಾರಿಕೊಂಡ.

ಅಲ್ಲಿಗೆ ಸೊಸೆ ಪಾರಾದಂತಾಯಿತು. ನೋಡಿದವನು ಒಬ್ಬನೇ, ಅವನ ಬಾಯಿಗೆ ಅವನ ಡಬ್ಬಿಯೇ ಬಿರಡೆ. ಬಿಗಿದ ಆ ಒಂದು ಕಟ್ಟನ್ನು ಕೊಂಡು ಮನೆಗೆ ಒಯ್ದು ಒಲೆಗೆ ಹಾಕಿದರೆ ಕಥೆ ಮುಗಿಯುತ್ತಿತ್ತು. ಆದರೆ 'ಗುಂಡಿ ಅಕ್ಕಂದು ಮುಗಿಯತ್ತೆ' ಎಂಬ ಮಾತು ಗಂಟಲಲ್ಲಿ ಬಿಸಿ ತುಪ್ಪದಂತೆ ನಿಂತುಬಿಟ್ಟಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಕಟ್ಟನ್ನು ಕೊಂಡಳು, ಹಾಲನ್ನೂ ಕೊಂಡಳು. ಕಟ್ಟನ್ನು ಹಿಂಬಾಗಿಲಿನಿಂದ ತಂದು ಹಾಸಿಗೆಗಳ ಹಿಂದೆ, ತಾನು ಹಿಂದೆ ಅಳುತ್ತಿದ್ದ ಜಾಗದಲ್ಲಿ, ಬಚ್ಚಿಟ್ಟಳು.

ಮಧ್ಯಾಹ್ನ ಸಾಲಿನ ಬಾಗಿಲುಗಳು ಅರ್ಧಕ್ಕಿಳಿದವು. ಎಲ್ಲರೂ ಬಂದು ಹಾಸಿಗೆಗಳ ಮೇಲೆ ಕೂತರು. ಮೆತ್ತನೆಯ ಜಾಗದಲ್ಲಿ ಕೂತು ಗಟ್ಟಿ ಮಾತಾಡುವುದು ಕಷ್ಟ. ಅದಕ್ಕೇ ಮಾವ ಮಾತ್ರ ಮರದ ಸ್ಟೂಲಿನ ಮೇಲೆ, ಗಲ್ಲಾ ಪೆಟ್ಟಿಗೆಯ ಪಕ್ಕ. ಗುಂಡಿ ಅಕ್ಕ ಕೂರಲಿಲ್ಲ. ಬಾಗಿಲ ಬಳಿಯೇ ನಿಂತಿದ್ದಳು. ಹೊರಡುವವಳ ಹಾಗೆ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

"ಬೆಳಗಿನಿಂದ ಕಾವಲಿದ್ದೆ," ಎಂದು ಡಂಗುರ ಶುರುಮಾಡಿದ. "ನಮ್ಮ ಸಾಲಿನ ಒಂದು ನೊಣವೂ ಒಳಗೆ ಹೋಗಿಲ್ಲ. ನಾನು ಕಣ್ಣು ಮಿಟುಕಿಸಿಲ್ಲ."

"ಕೇಳಿದ್ರಲ್ಲ," ಎಂದರು ಮಾವ. "ಎಲ್ಲರೂ ಮಾತಿಗೆ ನಿಂತಿದ್ದಾರೆ. ಒಬ್ಬರು ನಿಂತಿಲ್ಲ. ಇವತ್ತು ಬಿಟ್ರೆ ನಾಳೆ ಇನ್ನೊಬ್ಬರು. ಏನಮ್ಮಾ, ನಿಂದೇನಾದ್ರೂ ಹೇಳೋದಿದೆಯಾ?"

"ಏನಿದೆ ಅಣ್ಣ," ಎಂದಳು ಗುಂಡಿ ಅಕ್ಕ. "ಮಾರಿದ್ದು ನಿಜ. ಕದ್ದು ಮಾರಿದ್ರೆ ಇವತ್ತು ನಾನೂ ನಿಮ್ಮ ಜೊತೆ ಹಾಸಿಗೆ ಮೇಲೆ ಕೂತಿರ್ತಿದ್ದೆ." ಅವಳು ಮುಂದೆ ಬಂದು ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟಳು. ಹಳೆಯ ಹಿತ್ತಾಳೆ ಕೈ, ಅದಕ್ಕೊಂದು ಕೆಂಪು ಗುಂಡಿ ಪೋಣಿಸಿತ್ತು. "ಸಾಮಾನು ತೆಗೆಯೋಕೆ ನಾಳೆ ತನಕ ಟೈಮು ಕೊಡಿ, ಸಾಕು."

ಮಾವ ಬೀಗದ ಕೈಗೆ ಕೈ ಚಾಚಿದರು.

"ಒಂದು ನಿಮಿಷ ಮಾವ," ಎಂದಳು ಸೊಸೆ. ದನಿ ತನ್ನದೆಂದು ತನಗೇ ಅನ್ನಿಸಲಿಲ್ಲ. "ಇವತ್ತು ನಾನೂ ಆ ಅಂಗಡಿ ಒಳಗೆ ಹೋಗಿದ್ದೆ."

"ಡಬ್ಬಿ ಮನೆ ಬಳಕೆಗೆ!" ಎಂದು ಡಂಗುರ ಎದ್ದೇ ನಿಂತ. "ದೇವರಾಣೆ, ಮನೆ ಬಳಕೆಗೆ ತಂದದ್ದು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಯಾರೋ ಕಿಸಕ್ಕೆಂದರು, ಆದರೆ ಮಾವನ ಮುಖ ನೋಡಿ ನಗು ಅಲ್ಲೇ ಸತ್ತಿತು. ಅವರು ಡಂಗುರನನ್ನು ನೋಡುತ್ತಲೇ ಇರಲಿಲ್ಲ, ಸೊಸೆಯನ್ನೇ ನೋಡುತ್ತಿದ್ದರು. ಬೇಡ, ಎನ್ನುತ್ತಿದ್ದವು ಆ ಕಣ್ಣುಗಳು. ಹಾಗೆ ಬೇಡುವ ಕಣ್ಣುಗಳನ್ನು ಅವಳು ಆ ಮುಖದ ಮೇಲೆ ಎಂದೂ ಕಂಡಿರಲಿಲ್ಲ. ಒಂದು ಗಳಿಗೆ ಅಲ್ಲೇ ಬಿಟ್ಟುಬಿಡೋಣ ಎನ್ನಿಸಿತು. ಗುಂಡಿ ಅಕ್ಕ ಆಗಲೇ ಬಾಗಿಲ ಕಡೆ ತಿರುಗಿದ್ದಳು.

ಸೊಸೆ ಹಾಸಿಗೆಗಳ ಹಿಂದೆ ಹೋಗಿ ಕಟ್ಟನ್ನು ತಂದು ಕೌಂಟರಿನ ಮೇಲೆ, ಬೀಗದ ಕೈ ಪಕ್ಕ ಇಟ್ಟಳು. ಹಳದಿ ಚೀಟಿ ಮೇಲಿತ್ತು.

"ಇದನ್ನ ಅಲ್ಲಿಂದ ತಂದೆ. ಬಿಚ್ಚೋಕೆ ಬರ್ತಿಲ್ಲ ಮಾವ. ನೀವು ಸ್ವಲ್ಪ ನೋಡಿ."

ಎಲ್ಲರೂ ಹಾಸಿಗೆಗಳಿಂದ ಕತ್ತು ಉದ್ದ ಮಾಡಿದರು. ಸಾಲಿನಲ್ಲಿ ಆ ಗಂಟು ಗುರುತಿಸದವರು ಇರಲಿಲ್ಲ. ಮಾವ ಕಟ್ಟನ್ನು ಹತ್ತಿರಕ್ಕೆಳೆದುಕೊಂಡರು. ನನ್ನದಲ್ಲ ಎನ್ನಬಹುದಿತ್ತು, ಊರಲ್ಲಿಲ್ಲದ ಮಗನ ತಲೆಗೆ ಕಟ್ಟಬಹುದಿತ್ತು. ಅಂಥ ಯೋಚನೆ ಬಂತೋ ಏನೋ, ತುಟಿಗಳು ಅಲುಗಿದವು. ಆದರೆ ಬೆರಳು ಆಗಲೇ ಗಂಟಿನ ಮೇಲಿತ್ತು. ಕೆಟ್ಟುಹೋದ ಗಂಟು ಕಂಡರೆ ಸುಮ್ಮನಿರಲಾರದ ಬೆರಳು ಅದು, ಮತ್ತು ಅದರ ಹಿಂದಿದ್ದ ಬಾಯಿ ಇಷ್ಟು ವರ್ಷ ಸೊಸೆಗೂ ಮಗನಿಗೂ ತಿದ್ದಿ ತಿದ್ದಿ ಅಭ್ಯಾಸವಾದ ಬಾಯಿ.

"ತಪ್ಪು ತುದಿ ಎಳೆದಿದ್ದೀಯಲ್ಲಮ್ಮ," ಎಂದರು ಮಾವ. "ಇದು ಎಡದ್ದು."

ಹೇಳಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು.

ರಸ್ತೆಯಾಚೆಯ ಧ್ವನಿವರ್ಧಕ ಮಾತ್ರ ಕೊನೇ ಬೆಲೆ, ಕೊನೇ ಬೆಲೆ ಎಂದು ಕೂಗುತ್ತಿತ್ತು. ಸಾಲಿನಲ್ಲಿ ಎಡಗೈಯಲ್ಲಿ ಕಾಸು ಕೊಡುವ, ಎಡಗೈಯಲ್ಲಿ ಕಾಸು ಇಸಿದುಕೊಳ್ಳುವ ಅಂಗಡಿಯವರು ಒಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಅವರ ಮುಖ ನೋಡಲಿಲ್ಲ.

"ಅಟ್ಟದ ಮೇಲೆ ಕೊಳೀತಿತ್ತು," ಎಂದರು ಮಾವ, ಕಟ್ಟಿಗೆ ಹೇಳುವ ಹಾಗೆ. "ಮಾರೋಣ ಅಂತ ಮಗ ಬಡ್ಕೊಂಡ. ಅವನು ಹೇಳಿದ್ದೇ ಸರಿ ಅಂತ ಅವನೆದುರು ಒಪ್ಪೋಕೆ ಆಗಲಿಲ್ಲ. ಪಟ್ಟಿ ಎಲ್ಲ ಕಿತ್ತಿದ್ದೆ. ಒಂದನ್ನೂ ಬಿಟ್ಟಿರಲಿಲ್ಲ." ಅವರು ಗಂಟನ್ನು ಉಗುರಿನಿಂದ ಕೆದಕಿದರು. ಅದು ಮಿಸುಕಲಿಲ್ಲ. ಇನ್ನೊಮ್ಮೆ ಕೆದಕಿ, ಕೈಬಿಟ್ಟು, ತಲೆಯೆತ್ತಿ ಬಾಗಿಲ ಕಡೆ ನೋಡಿದರು.

"ಕತ್ತರಿ ಬೇಕು," ಎಂದರು. ಆ ಅಂಗಡಿಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ. "ನಿನ್ನ ಹತ್ರ ಇದೆಯಲ್ಲ ತಂಗೀ, ದೊಡ್ಡದು. ತಂದುಕೊಡ್ತೀಯಾ?"

ಗುಂಡಿ ಅಕ್ಕ ಅಲ್ಲಾಡಲಿಲ್ಲ. "ಅಂಗಡಿ ಬೀಗ ಹಾಕಿದೆ ಅಣ್ಣ," ಎಂದಳು.

ಮಾವ ಬೀಗದ ಕೈಯನ್ನು ಎತ್ತಿ ಅವಳ ಕಡೆ ಚಾಚಿದರು. ಕೆಂಪು ಗುಂಡಿ ಅವರ ಬೆರಳ ಜೊತೆ ನಡುಗುತ್ತಿತ್ತು. ಬೇಡ ಎನ್ನಲು ಡಂಗುರನೂ ಬಾಯಿ ತೆರೆಯಲಿಲ್ಲ. ಗುಂಡಿ ಅಕ್ಕ ನಾಲ್ಕು ಹೆಜ್ಜೆ ಬಂದು ಬೀಗದ ಕೈಯನ್ನು ಇಸಿದುಕೊಂಡು, ಯಾರನ್ನೂ ನೋಡದೆ ಜಗಲಿಗಿಳಿದಳು. ಸಾಲಿನ ತುತ್ತತುದಿಯಲ್ಲಿ ಬಾಗಿಲು ಕಿರುಗುಟ್ಟಿ ತೆರೆದದ್ದು ಎಲ್ಲರಿಗೂ ಕೇಳಿಸಿತು.

ಅವಳು ಕತ್ತರಿ ತಂದು ಕೊಟ್ಟಾಗ ಮಾವ ಅದನ್ನು ಎಡಗೈಗೆ ತೆಗೆದುಕೊಂಡರು. ಬಲಗೈಯವರಿಗೆ ಮಾಡಿದ ಕತ್ತರಿ ಎಡಗೈಯ ಮಾತು ಕೇಳುವುದಿಲ್ಲ. ಹುರಿಯನ್ನು ಅಗಿಯಿತೇ ಹೊರತು ಕತ್ತರಿಸಲಿಲ್ಲ. ಇನ್ನೊಮ್ಮೆ ಒತ್ತಿದರು. ಆಮೇಲೆ ಹಿಡಿಯ ಕಡೆಯಿಂದ ಸೊಸೆಯತ್ತ ಚಾಚಿದರು.

"ನೀನೇ ಕತ್ತರಿಸಮ್ಮ."

ಸೊಸೆಗೆ ಬೇಡವೆನ್ನಿಸಿತು. ಗೆದ್ದೆ ಎಂದು ಒಂದು ಕೂದಲೆಳೆಯಷ್ಟೂ ಅನ್ನಿಸಲಿಲ್ಲ. ಕತ್ತರಿ ಎಸೆದು ಹಾಸಿಗೆಗಳ ಹಿಂದೆ ಹೋಗಿ ಮೊದಲಿನ ಹಾಗೆ ಅತ್ತುಬಿಡೋಣ ಎನ್ನಿಸಿತು. ಆದರೆ ಮಾವ ಎರಡು ಕೈಯಲ್ಲೂ ಹುರಿಯನ್ನು ಬಿಗಿಯಾಗಿ ಹಿಡಿದುಕೊಂಡು, ಅವಳಿಗೆ ಸುಲಭವಾಗಲೆಂದು ಗಂಟನ್ನು ಅವಳ ಬಲಗೈ ಕಡೆಗೆ ತಿರುಗಿಸಿ ಕಾಯುತ್ತಿದ್ದರು. ಅವಳು ಕತ್ತರಿಸಿದಳು.